ಮೇಲಿನ ಕೋಣೆಗೆ ಹಲಗೆ ಹೊದಿಸಿದ್ದು

ಫೆಬ್ರವರಿ 2

ಅಮ್ಮಾ,

ಕ್ಷೇಮ ಸಮಾಚಾರ ಆಮೇಲೆ, ಮೊದಲು ಅಟ್ಟದ ಸಮಾಚಾರ ಕೇಳು. ಅಟ್ಟ ಖಾಲಿಯಾಯಿತು. ಹೋದ ಭಾನುವಾರ ತಲೆಗೆ ಬಟ್ಟೆ ಕಟ್ಟಿಕೊಂಡು ಮರದ ಮೆಟ್ಟಿಲು ಹತ್ತಿದವಳು ಸಂಜೆಯಾದ ಮೇಲೇ ಇಳಿದದ್ದು. ಕಾಲು ಮುರಿದ ಕುರ್ಚಿ, ನನ್ನ ಮೊದಲ ಹೊಲಿಗೆ ಯಂತ್ರದ ಪೆಡಲು, ನಮ್ಮ ಗುಂಡಿ ಮಗುವಾಗಿದ್ದಾಗ ಮಲಗುತ್ತಿದ್ದ ತೊಟ್ಟಿಲು, ಇವರು ಯಾವತ್ತೋ ರಿಪೇರಿ ಮಾಡುತ್ತೇನೆಂದು ಕೂಡಿಟ್ಟಿದ್ದ ಫ್ಯಾನುಗಳು, ಎಲ್ಲ ಬೀದಿಗೆ ಬಂದವು. ಹಳೇ ಸಾಮಾನಿನವನು ಗಾಡಿ ತಂದು ತುಂಬಿಕೊಂಡು ಹೋದ. ಇವರು ಡಿಪೋದಲ್ಲಿ ಬಸ್ಸು ನಿಲ್ಲಿಸಿ ಮನೆಗೆ ಬಂದವರು ಮೇಲೆ ಹೋಗಿ ನೋಡಿ, "ನನ್ನ ಫ್ಯಾನುಗಳೆಲ್ಲಿ?" ಎಂದು ಒಂದೇ ಒಂದು ಸಲ ಕೇಳಿದರು.

ಯಾಕೆ ಇಷ್ಟೆಲ್ಲ ಎಂದರೆ, ನಿನಗೆ ಕೋಣೆ ಮಾಡುತ್ತಿದ್ದೇನೆ.

ಅಪ್ಪ ಹೋದ ಮೇಲೆ ನೀನು ನಮ್ಮ ಜೊತೆ ಇದ್ದಷ್ಟು ವರ್ಷವೂ ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಯಂತ್ರದ ಪಕ್ಕದಲ್ಲೇ ಮಲಗಿದೆ. ಗಿರಾಕಿಗಳು ಬರುವ ಮೊದಲು ಹಾಸಿಗೆ ಸುತ್ತಿಡಬೇಕು. ಅವರು ಅಳತೆ ಕೊಡುವಾಗ ನೀನು ಅಡುಗೆಮನೆಗೆ ಹೋಗಿ ನಿಲ್ಲಬೇಕು. ಆ ಹುಡುಗಿಯರ ಹಾಸ್ಟೆಲ್ಲಿನಲ್ಲಿ ವಾರ್ಡನ್ ಕೆಲಸ ಒಪ್ಪಿಕೊಂಡು ಹೊರಟಾಗ ನೀನು ಹೇಳಿದ್ದು ಒಂದೇ ಮಾತು, "ಅಲ್ಲಿ ನಂಗೊಂದು ಕೋಣೆ ಕೊಡ್ತಾರಂತೆ ಕಣೇ." ಅವತ್ತು ನನಗೆ ಉತ್ತರ ಹೊಳೆಯಲಿಲ್ಲ. ಈಗ ಹೊಳೆದಿದೆ. ನಾನೂ ಕೊಡುತ್ತೇನೆ ಕೋಣೆ.

ಗೋಡೆಗೂ ಸೂರಿಗೂ ಮರದ ಹಲಗೆ ಹೊದಿಸುತ್ತೇನೆ. ಆಗ ಕೋಣೆ ಬೇಸಿಗೆಯಲ್ಲಿ ಬಿಸಿಯೇರುವುದಿಲ್ಲ, ಚಳಿಗೆ ಕೊರೆಯುವುದಿಲ್ಲ. ಬಡಗಿಯನ್ನು ಕರೆಸಿದ್ದೆ. ಇಳಿಜಾರು ಸೂರು, ಸೊಟ್ಟ ತೊಲೆ ಎಂದು ಲೊಚಗುಟ್ಟಿ, "ನಾಳೆ ಬರ್ತೀನಿ" ಎಂದು ಹೋದ. ಅವನ ನಾಳೆ ಇನ್ನೂ ಬಂದಿಲ್ಲ. ನಾನೇ ಮಾಡುತ್ತೇನೆ ಬಿಡು. ಮನುಷ್ಯರ ಮೈ ಯಾವತ್ತು ನೆಟ್ಟಗಿತ್ತು? ಒಂದು ಭುಜ ಮೇಲೆ ಇನ್ನೊಂದು ಕೆಳಗೆ ಇರುವವರಿಗೂ ಕೋಟು ಹೊಲಿದು ಕೊಟ್ಟಿದ್ದೇನೆ. ಕೋಣೆಗೆ ಲೈನಿಂಗ್ ಹಾಕುತ್ತಿದ್ದೇನೆ ಅಂದುಕೊಂಡರಾಯಿತು.

ಜೂನಿಗೆ ನೀನು ಅಲ್ಲಿ ಒಪ್ಪಿಕೊಂಡ ವರ್ಷ ಮುಗಿಯುತ್ತದಲ್ಲ, ಬಂದುಬಿಡು. ಫೋನು ಬೇಡ ಎಂದಿದ್ದೀಯ, ಅದೂ ಸರಿಯೇ. ಫೋನಿನಲ್ಲಿ ನಾನು ಅಳುತ್ತೇನೆ, ನೀನು ಬಯ್ಯುತ್ತೀಯ, ಕಾರಿಡಾರಿನಲ್ಲಿ ಹುಡುಗಿಯರೆಲ್ಲ ಕಿವಿ ನಿಮಿರಿಸಿ ನಿಂತಿರುತ್ತಾರೆ. ಕಾಗದದಲ್ಲೇ ಹೇಳು. ಆದರೆ ಬೇಗ ಹೇಳು.

ನಾವೆಲ್ಲ ಕ್ಷೇಮ. ಮೂಗಿನೊಳಗೆ ಧೂಳು, ಅಷ್ಟೇ.

ನಿನ್ನ ಮಗಳು


ಫೆಬ್ರವರಿ 12

ಮಗಳೇ,

ನಿನ್ನ ಕಾಗದ ಬಂತು. ಧೂಳು ಮೂಗಿನೊಳಗಷ್ಟೇ ಅಲ್ಲ, ಲಕೋಟೆಯೊಳಗೂ ಇತ್ತು. ಬಿಡಿಸಿದ ಕೂಡಲೇ ಸೀನು ಬಂತು.

ಅಟ್ಟಕ್ಕೆ ಏನನ್ನು ಹಾಕುತ್ತಾರೆ ಎಂದು ನಿನಗೆ ನಾನು ಹೇಳಿಕೊಡಬೇಕೇ? ಬೇಕಾದದ್ದನ್ನು ಕೈಗೆ ಸಿಗುವ ಹಾಗೆ ಕೆಳಗೆ ಇಟ್ಟುಕೊಳ್ಳುತ್ತಾರೆ. ಬೇಡವಾದದ್ದನ್ನು ಎಸೆಯುತ್ತಾರೆ. ಬೇಕೂ ಅಲ್ಲ ಬೇಡವೂ ಅಲ್ಲ ಅನ್ನುವಂಥದ್ದು ಅಟ್ಟಕ್ಕೆ ಹೋಗುತ್ತದೆ. ಅಳಿಯಂದಿರ ಫ್ಯಾನುಗಳನ್ನು ಇಳಿಸಿ ಅತ್ತೆಯನ್ನು ಹತ್ತಿಸುತ್ತೀಯ ಅಂದಹಾಗಾಯಿತು. ಮೇಲೆ ಹತ್ತಿಸಿ ಏಣಿ ತೆಗೆದುಬಿಟ್ಟರೆ ನನ್ನ ಗತಿಯೇನು? ತಮಾಷೆಗೆ ಬರೆದೆ. ಪೂರ್ತಿ ತಮಾಷೆಗಲ್ಲ.

ಇಲ್ಲಿ ಹುಡುಗಿಯರು ನನ್ನನ್ನು ವಾರ್ಡನಮ್ಮ ಎನ್ನುತ್ತಾರೆ. ಎಲ್ಲರೂ ನರ್ಸ್ ಆಗಲು ಓದುತ್ತಿರುವವರು. ಹಗಲೆಲ್ಲ ರೋಗಿಗಳಿಗೆ ಸೂಜಿ ಚುಚ್ಚಿ ಬಂದು, ಸಂಜೆ ಜಿರಲೆ ಕಂಡರೆ ಮಂಚ ಹತ್ತಿ ಕಿರುಚುತ್ತಾರೆ. ಬೆಳಗಿನ ಗಂಟೆ ಹೊಡೆಯುವವಳು ನಾನು, ಗೇಟಿಗೆ ಬೀಗ ಹಾಕುವವಳು ನಾನು, ಅಡುಗೆಯವನ ಜೊತೆ ಸಾರಿನ ಉಪ್ಪಿಗಾಗಿ ದಿನಾ ಜಗಳ ಆಡುವವಳೂ ನಾನೇ. ಕಾಲಿಗೆ ಬಿಡುವಿಲ್ಲ. ಸುಮ್ಮನೆ ಕೂತರೆ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ, ನಿನಗೆ ಗೊತ್ತಲ್ಲ. ನೀನೂ ಹಾಗೇ. ಯಾರಿಂದ ಬಂತು ಎಂದು ಬೇರೆ ಹೇಳಬೇಕಿಲ್ಲ.

ಇನ್ನೊಂದು ವರ್ಷ ಇರುತ್ತೀರಾ ಎಂದು ಕಚೇರಿಯಲ್ಲಿ ಕೇಳಿದ್ದಾರೆ. ಮೇ ಮುಗಿಯುವುದರೊಳಗೆ ಹೇಳಬೇಕು. ನೋಡೋಣ.

ಮರ ಕೊಯ್ಯುವಾಗ ಕಣ್ಣಿಗೆ ಕನ್ನಡಕ ಹಾಕಿಕೋ. ಗುಂಡಿಗೆ ನನ್ನ ಮುತ್ತು. ಅವಳು ಎಂಟನೇ ಕ್ಲಾಸಿಗೆ ಬಂದರೂ ಆ ಹೆಸರು ಬಿಡಲಿಲ್ಲವಲ್ಲ! ಕೋಟಿನ ಗುಂಡಿ ನುಂಗಿದ್ದು ಒಂದೇ ಸಲ, ಪಾಪ, ಹೆಸರು ಜನ್ಮಕ್ಕೆಲ್ಲ ಅಂಟಿಕೊಂಡಿತು.

ಅಮ್ಮ


ಮಾರ್ಚ್ 3

ಅಮ್ಮಾ,

ಬೇಕೂ ಅಲ್ಲ ಬೇಡವೂ ಅಲ್ಲ ಎಂದು ಬರೆದೆಯಲ್ಲ. ಆ ಸಾಲು ಓದಿ, ಕಾಗದ ಮಡಚಿಟ್ಟು, ಮೇಲೆ ಹೋಗಿ ಒಂದು ಹಲಗೆಯನ್ನು ಉಪ್ಪುಕಾಗದದಲ್ಲಿ ಆ ತುದಿಯಿಂದ ಈ ತುದಿಗೆ ಉಜ್ಜಿದೆ. ಅಂಗೈ ಉರಿಯತೊಡಗಿದ ಮೇಲೆ ಸಿಟ್ಟು ಇಳಿಯಿತು. ಇನ್ನು ಮೇಲೆ ಅದಕ್ಕೆ ಅಟ್ಟ ಅನ್ನಬೇಡ, ಮೇಲಿನ ಕೋಣೆ ಅನ್ನು.

ಈಗ ನಡೆದದ್ದು ಕೇಳು, ನಗಬೇಡ. ಹಲಗೆಗಳು ಬಂದವು. ಪ್ರತಿ ಹಲಗೆಯ ಒಂದು ಅಂಚು ನಾಲಿಗೆಯ ಹಾಗೆ ಚಾಚಿಕೊಂಡಿರುತ್ತದೆ, ಇನ್ನೊಂದು ಅಂಚಿನಲ್ಲಿ ಅದು ಕೂರಲು ಸಂದು ಇರುತ್ತದೆ. ಒಂದರೊಳಗೊಂದು ಸೇರಿಸುತ್ತ ಹೋದರೆ ಗೋಡೆ ಮುಚ್ಚಿಕೊಳ್ಳುತ್ತದೆ. ಅದಕ್ಕೂ ಮೊದಲು ಗೋಡೆಗೆ ಅಡ್ಡಲಾಗಿ ಮರದ ಪಟ್ಟಿಗಳನ್ನು ಹೊಡೆಯಬೇಕು, ಅಂಗಡಿಯವನು ಅದಕ್ಕೆ ರೀಪು ಅನ್ನುತ್ತಾನೆ. ರಸಮಟ್ಟ ಇಟ್ಟು ನೋಡಿದರೆ ನಮ್ಮ ಮನೆಯ ಒಂದು ಗೋಡೆಯಾದರೂ ನೆಟ್ಟಗಿರಬೇಕಲ್ಲ! ಇಷ್ಟು ವರ್ಷ ಯಾವ ಧೈರ್ಯದ ಮೇಲೆ ಇದರೊಳಗೆ ನಿದ್ದೆ ಮಾಡಿದೆವೋ. ರೀಪಿನ ಹಿಂದೆ ಮರದ ಚೂರು ತುರುಕಿ ತುರುಕಿ ಸಮ ಮಾಡಿದೆ.

ಅಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಟೇಪು ಹಿಡಿದು ಎತ್ತರ ಅಳೆದು, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಒಂದೇ ಹುರುಪಿನಲ್ಲಿ ಇಡೀ ಗೋಡೆಯ ಹಲಗೆಗಳನ್ನು ಕೊಯ್ದಿಟ್ಟೆ. ನಿಲ್ಲಿಸಲು ಹೋದರೆ ಒಂದೂ ಕೂರುವುದಿಲ್ಲ, ಎಲ್ಲವೂ ಉದ್ದ. ಅಳತೆ ತಪ್ಪಿರಲಿಲ್ಲ ಅಮ್ಮ. ಹಾಳು ಕೈ ಅಭ್ಯಾಸ. ಗುರುತು ಹಾಕುವಾಗ ಮೇಲೂ ಕೆಳಗೂ ಮಡಿಕೆಗೆಂದು ಬಿಟ್ಟಿದ್ದೇನೆ!

ಇವರು ನೋಡಲು ಬಂದವರು ನಕ್ಕು ನಕ್ಕು ಮೆಟ್ಟಿಲ ಮೇಲೆ ಕೂತುಬಿಟ್ಟರು. "ಮಿಕ್ಕಿದ್ದನ್ನ ಒಳಕ್ಕೆ ಮಡಚಿ ಹೆಮ್ಮಿಂಗ್ ಹಾಕ್ತೀಯೇನೇ?" ಈಗ ಡಿಪೋದಲ್ಲೆಲ್ಲ ಇದೇ ಮಾತಂತೆ. ಫ್ಯಾನುಗಳ ಸೇಡು ತೀರಿಸಿಕೊಳ್ಳುತ್ತಿದ್ದಾರೆ. ಎಲ್ಲ ಹಲಗೆಯನ್ನೂ ಮತ್ತೆ ಕೊಯ್ದೆ. ಒಂದು ಗೋಡೆ ಮುಗಿಯಿತು. ಮೇಲಿನಿಂದ ಕೆಳಗೆ ಕೈಯಾಡಿಸಿದರೆ ಎಲ್ಲೂ ತಡೆಯುವುದಿಲ್ಲ, ಅಷ್ಟು ನುಣುಪು.

ಗುಂಡಿ ಆಗಲೇ ಕಣ್ಣು ಹಾಕಿದ್ದಾಳೆ. "ಅಜ್ಜಿ ಬರ್ದೇ ಇದ್ರೆ ಅದು ನಂದು, ಈಗ್ಲೇ ಹೇಳಿದೀನಿ." ಇವರಿಗೆ ಅಲ್ಲಿ ತಮ್ಮ ರಿಪೇರಿ ಸಾಮಾನು ಬಿಡಿಸಿ ಕೂರುವ ಆಸೆ. ಇಬ್ಬರನ್ನೂ ಗದರಿಸಿ ಕೆಳಗೆ ಕಳಿಸಿದ್ದೇನೆ.

ಶಾಲೆಯ ಸಮವಸ್ತ್ರಗಳ ರಾಶಿ ಬಿದ್ದಿದೆ. ಒಂದು ತೋಳು ಹೊಲಿಯುತ್ತೇನೆ, ಎದ್ದು ಮೇಲೆ ಹೋಗುತ್ತೇನೆ. ಅಲ್ಲಿ ಒಂದು ಮೊಳೆ ಹೊಡೆಯುವಷ್ಟರಲ್ಲಿ ಕೆಳಗಿನ ತೋಳು ನೆನಪಾಗುತ್ತದೆ. ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ನೀನಿದ್ದಾಗ ನನ್ನ ಪಕ್ಕದಲ್ಲಿ ಕೂತು ಬಟ್ಟೆಗೆ ಗುಂಡಿ ಹಚ್ಚಿಕೊಡುತ್ತ ಏನಾದರೂ ಗೊಣಗುತ್ತಿದ್ದೆ. ಈಗ ರೇಡಿಯೋ ಜೋರಾಗಿ ಹಾಕಿಕೊಳ್ಳುತ್ತೇನೆ. ಅದು ಗೊಣಗುವುದಿಲ್ಲ, ನನ್ನ ಮಾತಿಗೆ ಉತ್ತರವನ್ನೂ ಕೊಡುವುದಿಲ್ಲ.

'ನೋಡೋಣ' ಎಂದು ಬರೆದಿದ್ದೀಯ. ನೋಡಿ ಆಯಿತೇ?

ಮೈಯೆಲ್ಲ ಮರದ ಹುಡಿ ಮೆತ್ತಿಕೊಂಡಿರುವ
ನಿನ್ನ ಮಗಳು


ಮಾರ್ಚ್ 22

ಮಗಳೇ,

ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಇಲ್ಲೊಬ್ಬಳಿಗೆ ಜ್ವರ ಬಂದು ಇಳಿಯಲೇ ಇಲ್ಲ. ದೂರದ ಊರಿನವಳು, ಮನೆಯವರು ಬರುವವರೆಗೆ ನಾನೇ ಪಕ್ಕದಲ್ಲಿದ್ದೆ. ಜ್ವರದಲ್ಲಿ ನನ್ನನ್ನು ಅವಳ ಚಿಕ್ಕಮ್ಮ ಎಂದುಕೊಂಡು ಏನೇನೋ ಹೇಳಿದಳು. ನಾನೂ ಚಿಕ್ಕಮ್ಮನ ಹಾಗೆಯೇ ಹೂಂಗುಟ್ಟಿದೆ. ಈಗ ಎದ್ದು ಓಡಾಡುತ್ತಿದ್ದಾಳೆ. ನಿನ್ನೆ ಅಡುಗೆಮನೆಯಿಂದ ಸಕ್ಕರೆ ಕದ್ದು ಸಿಕ್ಕಿಬಿದ್ದಳು. ಸರಿಹೋದಳು ಎಂದು ನನಗೆ ನೆಮ್ಮದಿಯಾಯಿತು.

ಹಲಗೆಗೆ ಮಡಿಕೆ ಬಿಟ್ಟದ್ದನ್ನು ಇಲ್ಲಿನ ಹುಡುಗಿಯರಿಗೆ ಓದಿ ಹೇಳಿದೆ. ಬಿದ್ದು ಬಿದ್ದು ನಕ್ಕರು. ನಿಮ್ಮ ಮಗಳು ಹಾಗೆಯೇ ಬಾಗಿಲಿಗೂ ಒಂದು ಕಾಲರ್ ಇಡಲಿ ಎಂದು ಒಬ್ಬಳು ಹೇಳಿ ಕಳಿಸಿದ್ದಾಳೆ.

ಮೊಣಕಾಲಿಗೆ ಏನಾದರೂ ಹಚ್ಚಿಕೊಳ್ಳುತ್ತಿದ್ದೀಯಾ? ನಿನಗೂ ವಯಸ್ಸಾಗುತ್ತಿದೆ ಕಣೇ, ನನಗೆ ಮಾತ್ರ ಅಲ್ಲ.

ಅಮ್ಮ


ಏಪ್ರಿಲ್ 12

ಅಮ್ಮಾ,

ಮೊಣಕಾಲು, ಸಕ್ಕರೆ, ಕಾಲರ್, ಎಲ್ಲದರ ಬಗ್ಗೆ ಬರೆದೆ. ನಾನು ಕೇಳಿದ ಒಂದು ಮಾತಿಗೆ ಮಾತ್ರ ಉತ್ತರವಿಲ್ಲ. ಯಾರದೋ ಮಗಳ ಹಣೆಯ ಮೇಲೆ ಕೈ ಇಟ್ಟು ಕೂರಲು ನಿನಗೆ ಪುರುಸೊತ್ತಿದೆ. ನನಗೆ ಹೊಟ್ಟೆಕಿಚ್ಚು. ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ.

ಸೂರು ಮುಗಿಯಿತು. ಅದರಷ್ಟು ಕಷ್ಟದ್ದು ಇನ್ನೊಂದಿಲ್ಲ. ತಲೆಯಿಂದ ಹಲಗೆಯನ್ನು ಎತ್ತಿ ಹಿಡಿದು, ಬಾಯಲ್ಲಿ ಮೊಳೆ ಕಚ್ಚಿಕೊಂಡು, ಒಂದು ಕೈಯಲ್ಲಿ ಸುತ್ತಿಗೆ. ಮಾತಾಡಿದರೆ ಮೊಳೆ ಬೀಳುತ್ತದೆ, ತಲೆ ಅಲ್ಲಾಡಿಸಿದರೆ ಹಲಗೆ ಬೀಳುತ್ತದೆ. ಇವರು ಕೆಳಗಿನಿಂದ ಪ್ರಶ್ನೆ ಕೇಳುತ್ತಾರೆ, ನಾನು ಮೂಗಿನಲ್ಲೇ ಉತ್ತರ ಕೊಡುತ್ತೇನೆ. ಒಂದು ಹಲಗೆ ಜಾರಿ ಹೆಗಲ ಮೇಲೆ ಬಿತ್ತು. ಕತ್ತು ಉಳುಕಿ ಸ್ವಲ್ಪ ದಿನ ರಸ್ತೆ ದಾಟುವಾಗ ಇಡೀ ಮೈಯನ್ನೇ ತಿರುಗಿಸಿ ನೋಡುತ್ತಿದ್ದೆ. ಸೂರು ನೆಲಕ್ಕೆ ಇಳಿಯುವ ಕಡೆ ತಗ್ಗಿನಲ್ಲಿ ನಿನ್ನ ಬಟ್ಟೆಗೆ ಸಣ್ಣ ಕಪಾಟು ಮಾಡಿದ್ದೇನೆ. ಕಿಟಕಿಯ ಕೆಳಗೆ ಕೂರುವ ಹಾಗೆ ಅಗಲವಾದ ಹಲಗೆ. ಬೆಳಗಿನ ಬಿಸಿಲು ನೇರವಾಗಿ ಅದರ ಮೇಲೇ ಬೀಳುತ್ತದೆ.

ಮೆಟ್ಟಿಲ ತುದಿಯಲ್ಲಿದ್ದ ಹಳೇ ಬಾಗಿಲು ಗೆದ್ದಲು ತಿಂದು ಪುಡಿಯಾಗಿತ್ತು. ಮಿಕ್ಕ ಹಲಗೆಗಳನ್ನು ಜೋಡಿಸಿ ಹೊಸ ಬಾಗಿಲು ಮಾಡಿದೆ. ಹಳೆಯದರ ಕಬ್ಬಿಣದ ಚಿಲಕ ಇನ್ನೂ ಗಟ್ಟಿಯಾಗಿತ್ತು, ತುಕ್ಕು ಉಜ್ಜಿ ಅದನ್ನೇ ಹಾಕಿದ್ದೇನೆ. ಎರಡು ಸಲ ವಾರ್ನಿಷ್ ಹೊಡೆದಾಯಿತು. ವಾಸನೆಗೆ ಗುಂಡಿಗೆ ತಲೆನೋವು, ನನಗೆ ಹಸಿವು ಹೆಚ್ಚು.

ಇಷ್ಟೆಲ್ಲ ಮಾಡಿ ಸಂಜೆ ಕೆಳಗಿಳಿದರೆ ಕೈ ಸುಮ್ಮನಿರುವುದಿಲ್ಲ. ಇನ್ನೇನು ಮಾಡಲಿ, ಇನ್ನೇನು ಬಾಕಿ ಎಂದು ಹುಡುಕುತ್ತದೆ. ಕೆಲಸ ಮುಗಿದರೆ ಏನಾಗುತ್ತದೋ ಎಂದು ಭಯವಾಗುತ್ತದೆ ಅಮ್ಮ. ಮುಗಿದ ಮೇಲೂ ನೀನು ಬರದೆ ಹೋದರೆ?

ಮೇ ತಿಂಗಳಲ್ಲಿ ಹುಡುಗಿಯರಿಗೆ ರಜ ಅಲ್ಲವೇ? ಒಂದು ನಾಲ್ಕು ದಿನ ಬಂದು ಇದ್ದು ನೋಡು. ಆಮೇಲೆ ಕಚೇರಿಗೆ ಉತ್ತರ ಕೊಡು.

ನಿನ್ನ ಮಗಳು


ಏಪ್ರಿಲ್ 27

ಮಗಳೇ,

ಆಯಿತು, ಬರುತ್ತೇನೆ. ಮೇ ಎಂಟಕ್ಕೆ. ಬಸ್ ನಿಲ್ದಾಣಕ್ಕೆ ಯಾರೂ ಬರುವುದು ಬೇಡ, ನನ್ನ ಕಾಲು ಇನ್ನೂ ನನ್ನ ಮಾತು ಕೇಳುತ್ತದೆ. ಹೊಟ್ಟೆಕಿಚ್ಚು ಪಡುವಂಥದ್ದು ಏನೂ ಇಲ್ಲ ಹುಚ್ಚಿ. ಆ ಹುಡುಗಿಗೆ ಜ್ವರ ಇಳಿದ ಮೇಲೆ ನನ್ನ ನೆನಪೂ ಇಳಿದುಹೋಯಿತು.

ಕತ್ತಿಗೆ ಬಿಸಿ ಶಾಖ ಕೊಡು.

ಅಮ್ಮ


ಮೇ 13

ಅಮ್ಮಾ,

ನಾಲ್ಕು ದಿನ ಎಂದು ಬಂದವಳು ಅರ್ಧಕ್ಕೇ ಎದ್ದು ಹೋದೆ. "ಹುಡುಗೀರು ಬೇಗ ವಾಪಸ್ ಬರ್ತಿದಾರಂತೆ" ಎಂದೆ. ನೀನು ಸುಳ್ಳು ಹೇಳುವಾಗ ಕೈಚೀಲದ ಹಿಡಿಯನ್ನು ತಿರುಚುತ್ತೀಯ. ಅವತ್ತು ಅದು ಕಿತ್ತು ಬರುವುದೊಂದು ಬಾಕಿ.

ನಾನು ಏನು ಮಾಡಿದೆ ಹೇಳು. ಬಂದ ದಿನ ನೀನು ಮೇಲೆ ಹತ್ತಿ ಗೋಡೆಯ ಮೇಲೆ ಕೈಯಾಡಿಸಿ, "ಎಷ್ಟು ಚೆನ್ನಾಗ್ ಮಾಡಿದೀಯೇ" ಎಂದು ಕಣ್ಣಲ್ಲಿ ನೀರು ತಂದುಕೊಂಡೆ. ಕಿಟಕಿಯ ಹಲಗೆಯ ಮೇಲೆ ಕೂತು ಗುಂಡಿಯ ಜಡೆ ಹೆಣೆದೆ. ಅವತ್ತು ಅಲ್ಲೇ ಮಲಗಿದೆ. ಮಾರನೆಯ ಮಧ್ಯಾಹ್ನ ಮೇಲೆ ಹೋದವಳು ಕೂಡಲೇ ಇಳಿದುಬಂದೆ. ಮುಖ ಸಣ್ಣಗಾಗಿತ್ತು. ಸೆಖೆಯಾಯಿತೇ ಎಂದರೆ ಇಲ್ಲ. ವಾಸನೆಯೇ ಎಂದರೆ ಇಲ್ಲ. ಸಂಜೆ ಯಂತ್ರದ ಪಕ್ಕದಲ್ಲಿ ಹಳೇ ಜಾಗದಲ್ಲಿ ಹಾಸಿಗೆ ಹಾಸಿಕೊಂಡೆ. ಬೆಳಿಗ್ಗೆ ಹೊರಟೇಹೋದೆ.

ಇವರು, "ವಯಸ್ಸಾದೋರಿಗೆ ಮೆಟ್ಟಿಲು ಕಷ್ಟ, ಬಿಡು" ಎನ್ನುತ್ತಾರೆ. ನಿನಗೆ ಮೆಟ್ಟಿಲು ಕಷ್ಟವೇ! ಗುಂಡಿ ಅವತ್ತೇ ತನ್ನ ಪುಸ್ತಕಗಳನ್ನು ಮೇಲೆ ಸಾಗಿಸಿದಳು. ನಾನು ಎಲ್ಲವನ್ನೂ ಕೆಳಗೆ ತಂದಿಟ್ಟೆ. ಅವಳು ಅತ್ತಳು, ನಾನೂ ಅತ್ತೆ. ಇವರು ಚಹಾ ಮಾಡಿ ಇಬ್ಬರಿಗೂ ಕೊಟ್ಟರು.

ಸುತ್ತಿ ಬಳಸಿ ಬರೆಯಬೇಡ ಅಮ್ಮ. ಕಾರಣ ಹೇಳು.

ಮಗಳು


ಮೇ 19

ಮಗಳೇ,

ಹೇಳುತ್ತೇನೆ. ಎದುರಿಗೆ ಹೇಳಲು ಬಾಯಿ ಬರಲಿಲ್ಲ. ನಿನ್ನ ಅಂಗೈಯ ಗಂಟುಗಳನ್ನು ನೋಡಿದ ಮೇಲೆ ಹೇಗೆ ಹೇಳಲಿ?

ಅವತ್ತು ಮಧ್ಯಾಹ್ನ ಸ್ವಲ್ಪ ಅಡ್ಡಾಗೋಣ ಎಂದು ಮೇಲೆ ಹೋದೆ. ಬಾಗಿಲು ಮುಂದೆ ಮಾಡಿ ಚಿಲಕ ಹಾಕಲು ಕೈ ಚಾಚಿದೆ. ಸಿಗಲಿಲ್ಲ. ಮೇಲೆ ತಡಕಿದೆ, ಕೆಳಗೆ ತಡಕಿದೆ. ನೀನು ಉಜ್ಜಿ ಉಜ್ಜಿ ಹೊಳಪು ಬರಿಸಿದ ಮರ, ಅಷ್ಟೇ. ಬಾಗಿಲು ತೆಗೆದು ನೋಡಿದರೆ ಚಿಲಕ ಹೊರಗಿತ್ತು.

ಹಿಂದಿನ ರಾತ್ರಿ ಗುಂಡಿಯೂ ನನ್ನ ಜೊತೆ ಅಲ್ಲೇ ಮಲಗಿದ್ದಳು, ಬಾಗಿಲು ಹಾಕಿರಲಿಲ್ಲ, ಗೊತ್ತಾಗಿರಲಿಲ್ಲ. ಅವತ್ತು ಗೊತ್ತಾಯಿತು. ಹಳೇ ಬಾಗಿಲಿಗೂ ಅದು ಹೊರಗೇ ಇತ್ತು, ಬೆಕ್ಕು ನುಗ್ಗದಿರಲಿ ಎಂದು. ಮೇಲಿದ್ದದ್ದು ಸಾಮಾನು. ಸಾಮಾನು ಒಳಗಿನಿಂದ ಚಿಲಕ ಹಾಕಿಕೊಳ್ಳುವುದಿಲ್ಲ.

ನೀನು ಬೇಕೆಂದು ಮಾಡಲಿಲ್ಲ. ಬೇಕೆಂದು ಮಾಡಿದ್ದರೆ ಅಲ್ಲೇ ನಿಂತು ನಿನ್ನ ಜೊತೆ ಜಗಳ ಆಡಿ ಜಯಿಸಿಕೊಂಡು ಬರುತ್ತಿದ್ದೆ. ಇಷ್ಟು ತಿಂಗಳು ಒಂದೊಂದು ಹಲಗೆಯನ್ನೂ ಮುದ್ದು ಮಾಡಿದ ನಿನಗೆ, ಅದರೊಳಗೆ ಇರುವವಳಿಗೆ ಬಾಗಿಲು ಹಾಕಿಕೊಳ್ಳಬೇಕು ಅನ್ನಿಸಬಹುದು ಎಂದು ತೋಚಲೇ ಇಲ್ಲವಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೆ. ನಿನ್ನನ್ನು ದೂರಿ ಏನು ಪ್ರಯೋಜನ? ನಮ್ಮ ಮನೆಗಳಲ್ಲಿ ಬಚ್ಚಲು ಬಿಟ್ಟರೆ ಒಳಗಿನಿಂದ ಚಿಲಕ ಹಾಕಿಕೊಂಡ ಹೆಂಗಸು ಯಾರಿದ್ದಾಳೆ? ಇಲ್ಲಿಗೆ ಬಂದ ಹೊಸದರಲ್ಲಿ ನನಗೂ ಚಿಲಕ ಹಾಕಿಕೊಂಡರೆ ಏನೋ ಕಳ್ಳತನ ಮಾಡಿದ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತು. ಈಗ ಅಭ್ಯಾಸವಾಗಿದೆ. ಹಾಕಿಕೊಂಡು ಒಳಗೆ ಏನೂ ಮಾಡುವುದಿಲ್ಲ, ಕಾಲು ಚಾಚಿ ಕೂರುತ್ತೇನೆ.

ಕಚೇರಿಯವರಿಗೆ ಹೂಂ ಅನ್ನುವ ಮನಸ್ಸಾಗಿದೆ. ಇನ್ನೂ ಅಂದಿಲ್ಲ.

ಗುಂಡಿಯ ಪುಸ್ತಕ ಹಿಂದಕ್ಕೆ ತಂದಿಟ್ಟದ್ದು ತಪ್ಪು. ಅವಳನ್ನು ಸಮಾಧಾನ ಮಾಡು.

ಅಮ್ಮ


ಮೇ 25

ಅಮ್ಮಾ,

ಒಂದು ಚಿಲಕಕ್ಕೆ! ಕಾಗದ ಓದಿ ನಾನು ಗೋಡೆಗೆ ಹೇಳಿದ ಮೊದಲ ಮಾತು ಇದೇ. ಒಂದು ಚಿಲಕಕ್ಕೆ ನನ್ನ ಅಷ್ಟೂ ಹಲಗೆಯನ್ನು ಹೊಳೆಗೆ ಹಾಕಿದೆಯಲ್ಲ! ಹೇಳಿದ್ದರೆ ಅರ್ಧ ಗಂಟೆಯ ಕೆಲಸ. ನಿಂತ ಕಾಲಲ್ಲಿ ಅಂಗಡಿಗೆ ಹೋಗಿ ಹೊಸ ಚಿಲಕ ತಂದು, ಸ್ಕ್ರೂಡ್ರೈವರ್ ಹಿಡಿದು ದಡದಡ ಮೇಲೆ ಹೋದೆ.

ಒಳಗಡೆ ಎಲ್ಲಿ ಕೂರಿಸಬೇಕು ಎಂದು ನೋಡಲು ಬಾಗಿಲನ್ನು ಮುಂದೆ ಮಾಡಿ ಗುರುತು ಹಾಕುತ್ತಿದ್ದೆ. ಕೆಳಗೆ ರೇಡಿಯೋ ಜೋರಾಗಿತ್ತು. ಇವರು ಪಾಳಿ ಮುಗಿಸಿ ಬಂದಿದ್ದಾರೆ, ಬಾಗಿಲ ಹೊರಗಿನ ಚಿಲಕ ತೆರೆದಿರುವುದು ಕಂಡಿದೆ, ಬೆಕ್ಕು ನುಗ್ಗೀತು ಎಂದು ಬಂದು ಟಕ್ಕನೆ ಹಾಕಿ ಇಳಿದುಹೋಗಿದ್ದಾರೆ. ನಾನು ಕೂಗುವಷ್ಟರಲ್ಲಿ ಹೊರಬಾಗಿಲೂ ಮುಚ್ಚಿದ ಸದ್ದು. ಗೆಳೆಯರ ಜೊತೆ ಎಲ್ಲಿಗೋ ಹೋದರು. ಗುಂಡಿ ಟ್ಯೂಷನ್ನಿನಲ್ಲಿ.

ಅಮ್ಮ, ನನ್ನ ಮನೆ, ನಾನೇ ಹೊದಿಸಿದ ಹಲಗೆ, ಹಗಲು ಹೊತ್ತು. ಆದರೂ ಉಸಿರು ಕಟ್ಟಿಬಂತು. ಬಾಗಿಲು ಬಡಿದೆ, ಒದ್ದೆ. ಗೆದ್ದಲು ತಿಂದ ಹಳೆಯದಾಗಿದ್ದರೆ ಮುರಿದು ಬೀಳುತ್ತಿತ್ತು. ಇದು ನಾನು ಮಾಡಿದ್ದು, ಅಲ್ಲಾಡಲೂ ಇಲ್ಲ. ನೀನು ಅಲ್ಲಿ ಮರ ತಡಕುತ್ತ ನಿಂತಿದ್ದು ಆಗ ನನಗೆ ಕಣ್ಣಿಗೆ ಕಟ್ಟಿತು. ತಪ್ಪಾಯಿತು ಅಮ್ಮ. ಸಿಟ್ಟಿನಲ್ಲಿ 'ಒಂದು ಚಿಲಕಕ್ಕೆ' ಎಂದದ್ದನ್ನು ವಾಪಸು ತೆಗೆದುಕೊಳ್ಳುತ್ತೇನೆ.

ಮುಂದಿನದನ್ನು ಇವರಿಗೂ ಹೇಳಿಲ್ಲ, ನಿನಗೆ ಹೇಳುತ್ತೇನೆ. ಸ್ವಲ್ಪ ಹೊತ್ತಿಗೆ ಉಸಿರು ಹದಕ್ಕೆ ಬಂದ ಮೇಲೆ ನೋಡುತ್ತೇನೆ, ಬಾಗಿಲ ಕೀಲುಗಳು ನನ್ನ ಕಡೆಗೇ ಇವೆ. ಸ್ಕ್ರೂಡ್ರೈವರ್ ನನ್ನ ಕೈಯಲ್ಲೇ ಇದೆ! ಕೀಲು ಕಳಚಿ ಬಾಗಿಲನ್ನೇ ಎತ್ತಿ ಪಕ್ಕಕ್ಕಿಡಬಹುದಿತ್ತು. ಒಂದು ಸ್ಕ್ರೂ ಬಿಚ್ಚಿದೆ. ಅಷ್ಟರಲ್ಲಿ ಬೀದಿಯಿಂದ ಯಾರೋ ಗಿರಾಕಿ, "ಟೈಲರಮ್ಮಾ, ಇದ್ದೀರಾ?" ಎಂದು ಕೂಗಿದಳು. ನಾನು ಕಿಟಕಿಗೆ ಹೋಗಿ ಕೈಬೀಸಿದ್ದರೆ ಮುಗಿದಿತ್ತು. ಹೋಗಲಿಲ್ಲ. ಓಗೊಡಲೂ ಇಲ್ಲ. ಅವಳು ಎರಡು ಸಲ ಕೂಗಿ ಹೋದಳು. ಕೆಳಗೆ ಫೋನು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ನಾನು ಆ ಸ್ಕ್ರೂವನ್ನು ವಾಪಸು ತಿರುಗಿಸಿ ಬಿಗಿ ಮಾಡಿ, ಗೋಡೆಗೆ ಒರಗಿ ಕೂತೆ.

ಇಷ್ಟು ತಿಂಗಳಲ್ಲಿ ಆ ಕೋಣೆಯಲ್ಲಿ ನಾನು ಕೂತೇ ಇರಲಿಲ್ಲ. ಮಂಡಿಯೂರಿದ್ದೆ, ನಿಂತಿದ್ದೆ, ತಲೆಯ ಮೇಲೆ ಹಲಗೆ ಹೊತ್ತಿದ್ದೆ. ಬೆನ್ನಿಗೆ ಮರ ಬೆಚ್ಚಗಿತ್ತು. ಏನೂ ಯೋಚಿಸಲಿಲ್ಲ. ಗುಂಡಿ ಟ್ಯೂಷನ್ನಿನಿಂದ ಬಂದು "ಅಮ್ಮಾ" ಎಂದು ಮನೆಯೆಲ್ಲ ಹುಡುಕುವವರೆಗೆ ಹಾಗೇ ಕೂತಿದ್ದೆ.

ಆಮೇಲೆ ಇವರು ತುಂಬ ನೊಂದುಕೊಂಡರು. "ಕಿಟಕೀಲಿ ಕೂಗ್ಬಾರ್ದಿತ್ತಾ?" ಎಂದು ಹತ್ತು ಸಲ ಕೇಳಿದರು.

ಹೊಸ ಚಿಲಕ ಒಳಗಡೆ ಕೂರಿಸಿದ್ದೇನೆ. ಹೊರಗಿನದನ್ನು ಕಿತ್ತು ಹಾಕಿದೆ. ಗುಂಡಿಯ ಜೊತೆ ರಾಜಿಯಾಗಿದೆ. ಈಗ ಮುಚ್ಚುಮರೆಯಿಲ್ಲದೆ ಕೇಳುತ್ತೇನೆ, ಕೋಣೆಯ ಮಾತು ಬಿಟ್ಟು ಕೇಳುತ್ತೇನೆ. ನನಗೆ ನೀನು ಬೇಕು. ಪಕ್ಕದಲ್ಲಿ ಕೂತು ಗೊಣಗಲು ಬೇಕು. ಬರುತ್ತೀಯೋ ಇಲ್ಲವೋ?

ನಿನ್ನ ಮಗಳು


ಮೇ 30

ಮಗಳೇ,

ಹಗ್ಗದ ಮೇಲಿನ ಬಟ್ಟೆ ತೆಗೆಯುತ್ತಿದ್ದಾಗ ನಿನ್ನ ಕಾಗದ ಬಂತು. ಓದಿ ಮುಗಿಸುವಷ್ಟರಲ್ಲಿ ಮಳೆ ಹನಿ ಬಿದ್ದು ಬಟ್ಟೆ ಮತ್ತೆ ಒದ್ದೆಯಾಯಿತು. ಹುಡುಗಿಯರು ಬಯ್ದರು.

ಕಚೇರಿಗೆ ಉತ್ತರ ಕೊಟ್ಟಿದ್ದೇನೆ. ಇನ್ನೊಂದು ವರ್ಷ ಇಲ್ಲೇ. ಈ ಸಾಲಿಗೇ ಎದ್ದು ಹೋಗಬೇಡ, ಮುಂದೆ ಓದು.

ಚಿಲಕಕ್ಕಾಗಿ ಅಲ್ಲ. ಅದನ್ನು ಸರಿ ಮಾಡಿದ್ದೀಯ, ಗಟ್ಟಿಯಾಗಿಯೇ ಕೂರಿಸಿರುತ್ತೀಯ. ನನಗೆ ಇಲ್ಲಿರಲು ಇಷ್ಟ ಕಣೇ. ಹೇಳಲು ನಾಚಿಕೆಯಾಗುತ್ತಿತ್ತು. ಅದಕ್ಕೇ ಅಟ್ಟ, ಏಣಿ, ಸಕ್ಕರೆ ಎಂದು ಏನೇನೋ ಬರೆದು ದಿನ ತಳ್ಳಿದೆ. ಮಗಳ ಮನೆಗಿಂತ ಹಾಸ್ಟೆಲ್ಲು ಇಷ್ಟ ಎಂದರೆ ಕೇಳಿದವರು ನಗುವುದಿಲ್ಲವೇ? ಬೆಳಿಗ್ಗೆ ನಾನು ಗಂಟೆ ಹೊಡೆದರೆ ಒಂದು ಕಟ್ಟಡವೇ ಏಳುತ್ತದೆ. ನಿಮ್ಮ ಮನೆಯಲ್ಲಿ ನಾನು ಎದ್ದರೆ ಹಾಸಿಗೆ ಸುತ್ತಿಡುವುದೊಂದೇ ಕೆಲಸವಾಗಿತ್ತು. ಇದರಲ್ಲಿ ನಿನ್ನ ತಪ್ಪಿಲ್ಲ. ನೀನು ಬೇಡ ಎಂದೂ ಅಲ್ಲ. ಎಷ್ಟೋ ಸಲ ನಿನ್ನ ನೆನಪಾಗಿ, ಕೈಯಲ್ಲಿ ಹಿಡಿದ ಬೀಗ ಯಾವ ಬಾಗಿಲಿನದು ಎಂದೇ ಮರೆತುಹೋಗುತ್ತದೆ. ನನಗೂ ನೀನು ಬೇಕು. ಬೇಕು ಎಂದ ಮಾತ್ರಕ್ಕೆ ನಾನು ಬಂದು ಅಲ್ಲಿ ಕೂರಲಾರೆ, ಅಷ್ಟೇ.

ಮೇಲಿನ ಕೋಣೆ ತನಗೆ ಎಂದು ಗುಂಡಿ ಕೇಳಿದಳು, ಅಳಿಯಂದಿರು ಕೇಳಿದರು. ಆ ಮನೆಯಲ್ಲಿ ಕೇಳದೆ ಉಳಿದವಳು ಒಬ್ಬಳೇ. ಗಿರಾಕಿ ಕೂಗಿದರೂ ಓಗೊಡದೆ ಒಳಗೆ ಕೂತವಳೂ ಅವಳೇ. ಯೋಚನೆ ಮಾಡು.

ಇನ್ನೊಂದು ಮಾತಿದೆ, ಬರೆಯುವುದೋ ಬೇಡವೋ ಎಂದು ಪೆನ್ನು ಕೆಳಗಿಟ್ಟು ಎತ್ತಿಕೊಂಡೆ. ನಾನು ಇಲ್ಲಿಗೆ ಬಂದು ವರ್ಷವಾಗುತ್ತ ಬಂತು. ನನಗೊಂದು ಕೋಣೆ ಮಾಡಲು ನೀನು ಗರಗಸ ಹಿಡಿದೆ, ಕತ್ತು ಉಳುಕಿಸಿಕೊಂಡೆ, ಅಂಗೈ ಸುಲಿದುಕೊಂಡೆ. ನನಗೆ ಆಗಲೇ ಇರುವ ಕೋಣೆ ಹೇಗಿದೆ ಎಂದು ಒಂದು ದಿನ ಬಂದು ನೋಡಲಿಲ್ಲ. ಅದರ ಕಿಟಕಿ ಯಾವ ಕಡೆಗಿದೆ ಎಂದು ಒಂದು ಕಾಗದದಲ್ಲೂ ಕೇಳಲಿಲ್ಲ.

ಬಾ. ಈ ಭಾನುವಾರವೇ ಬಾ. ಏನನ್ನೂ ಹೊತ್ತುಕೊಂಡು ಬರಬೇಡ, ಟೇಪನ್ನಂತೂ ತರಲೇಬೇಡ. ಗೇಟಿನಲ್ಲಿ ವಾರ್ಡನಮ್ಮನ ಮಗಳು ಎಂದರೆ ಬಿಡುತ್ತಾರೆ. ಕೆಳಮಹಡಿಯ ಮೆಟ್ಟಿಲ ಪಕ್ಕದಲ್ಲಿ ಹಸಿರು ಬಾಗಿಲು. ತಟ್ಟು, ನಾನು ಒಳಗಿನಿಂದ ತೆಗೆಯುತ್ತೇನೆ.

ಅಮ್ಮ